ಸೋತ ಜರ್ಮನಿ ಹಿಟ್ಲರನ ಕೈಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ವಿರಾಜಪೇಟೆಯ ಪದವಿ ವಿದ್ಯಾರ್ಥಿನಿ

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಸೈನ್ಯಕ್ಕೆ ಸೇರಿದವರಿದ್ದಾರೆ. ಮೊನ್ನೆ ಅಜ್ಜ, ಸೋತು ಅವಮಾನಗೊಂಡ ದೇಶ ತಾನಾಗಿಯೇ ಸರ್ವಾಧಿಕಾರಿಯನ್ನು ಹುಡುಕಿಕೊಳ್ಳುತ್ತದೆ ಎಂದರು. ಆದರೆ ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತದ್ದು 1918ರಲ್ಲಿ, ಹಿಟ್ಲರ್ ಅಧಿಕಾರ ಹಿಡಿದದ್ದು 1933ರಲ್ಲಿ. ಸೋಲೇ ಕಾರಣವಾಗಿದ್ದರೆ ಇಷ್ಟು ತಡವಾದದ್ದೇಕೆ?

ಉತ್ತರ: ಮಡಿಕೇರಿಯ ನಿವೃತ್ತ ಇತಿಹಾಸ ಅಧ್ಯಾಪಕ

ಒಳ್ಳೆಯ ಪ್ರಶ್ನೆಯಮ್ಮ. ನನ್ನ ದೃಷ್ಟಿಯಲ್ಲಿ ಸೋಲಿಗಿಂತ ಹೆಚ್ಚು ಕೆಡುಕು ಮಾಡಿದ್ದು, ಸೋತವರು ಸೋಲನ್ನು ಒಪ್ಪಿಕೊಳ್ಳದೆ ಬೇರೆಯವರ ತಲೆಗೆ ಕಟ್ಟಿದ್ದು. 1918ರ ಸೆಪ್ಟೆಂಬರ್ ಕೊನೆಯಲ್ಲಿ, ಕೂಡಲೇ ಕದನವಿರಾಮ ಕೇಳಬೇಕೆಂದು ಸರ್ಕಾರವನ್ನು ಒತ್ತಾಯಿಸಿದವರು ಸೇನಾನಾಯಕ ಲುಡೆಂಡಾರ್ಫ್. ಆದರೆ ನವೆಂಬರ್ 11ರಂದು ಕದನವಿರಾಮದ ಪತ್ರಕ್ಕೆ ಸಹಿ ಹಾಕಿದ ನಿಯೋಗದ ಮುಖ್ಯಸ್ಥ ಎರ್ಜ್‌ಬರ್ಗರ್ ಸೈನಿಕರಲ್ಲ, ರಾಜಕಾರಣಿ. ಮರುವರ್ಷ ವಿಚಾರಣಾ ಸಮಿತಿಯ ಮುಂದೆ, ಯುದ್ಧದಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಹಿಂಡೆನ್‌ಬರ್ಗ್, ಸೈನ್ಯಕ್ಕೆ ಬೆನ್ನಿಗೆ ಇರಿಯಲಾಯಿತು, ಅಂದರೆ ಒಳಗಿನವರೇ ದ್ರೋಹ ಮಾಡಿದರು ಎಂದರು. 1921ರಲ್ಲಿ ಎರ್ಜ್‌ಬರ್ಗರ್ ಅವರ ಕೊಲೆಯಾಯಿತು. ಯುದ್ಧ ಮುಗಿದಾಗಲೂ ಜರ್ಮನ್ ಪಡೆಗಳು ಪರರ ನೆಲದಲ್ಲೇ ಇದ್ದುದರಿಂದ ಜನರಿಗೆ ಆ ಸುಳ್ಳನ್ನು ನಂಬುವುದು ಸುಲಭವಾಯಿತು.

ಆದರೂ 1928ರ ಚುನಾವಣೆಯಲ್ಲಿ ನಾಜಿಗಳಿಗೆ ದೊರೆತದ್ದು ಶೇಕಡಾ 2.6 ಮತ, 12 ಸ್ಥಾನ ಮಾತ್ರ. ಗೆದ್ದವರು ಹೇರಿದ ವರ್ಸೇಲ್ಸ್ ಒಪ್ಪಂದದ ಅವಮಾನ ಆಗಲೂ ಇತ್ತು. 1923ರಲ್ಲಿ ಹಣದ ಬೆಲೆ ಬಿದ್ದು ಉಳಿತಾಯವೆಲ್ಲ ಕರಗಿದ ನೆನಪೂ ಇತ್ತು. ಅವಷ್ಟರಿಂದಲೇ ಹಿಟ್ಲರ್ ಬರಲಿಲ್ಲ.

ಉತ್ತರ: ಸೋಮವಾರಪೇಟೆಯ ಕಾಫಿ ಬೆಳೆಗಾರ

ಮೇಷ್ಟ್ರೇ, ನೀವು ಹೊಟ್ಟೆಯ ವಿಷಯವನ್ನು ಬಿಟ್ಟಿದ್ದೀರಿ. ಎರಡು ವರ್ಷ ಕಾಫಿಯ ಬೆಲೆ ಬಿದ್ದು ಸಾಲದ ಕಂತು ತಪ್ಪಿದಾಗ ಮನೆಯ ಮಾತುಕತೆ ಎಷ್ಟು ಕಹಿಯಾಗುತ್ತದೆಂದು ನಾನು ಬಲ್ಲೆ. ಜರ್ಮನಿಯ ಚೇತರಿಕೆ ಬಹುಮಟ್ಟಿಗೆ ಅಮೆರಿಕದ ಸಾಲದ ಮೇಲೆ ನಿಂತಿತ್ತು. 1929ರಲ್ಲಿ ಅಲ್ಲಿನ ಷೇರುಪೇಟೆ ಕುಸಿದ ನಂತರ ಆ ಸಾಲ ನಿಂತು, 1932ರ ಹೊತ್ತಿಗೆ ಸುಮಾರು 60 ಲಕ್ಷ ಜನ ಕೆಲಸವಿಲ್ಲದೆ ಕುಳಿತರು. ನಾಜಿಗಳ ಮತ 1930ರಲ್ಲಿ ಶೇಕಡಾ 18.3ಕ್ಕೆ, 1932ರ ಜುಲೈನಲ್ಲಿ 37.3ಕ್ಕೆ ಏರಿದ್ದನ್ನು ಇದರೊಡನೆ ಇಟ್ಟು ನೋಡಬೇಕು.

ಉತ್ತರ: ಮಡಿಕೇರಿಯ ಅಧ್ಯಾಪಕ

ಒಪ್ಪುತ್ತೇನೆ, ಅದನ್ನು ನಾನು ಹೇಳಬೇಕಿತ್ತು. ಆದರೆ ಹಸಿವು ಹಿಟ್ಲರನನ್ನು ಬಾಗಿಲವರೆಗೆ ತಂದಿತು, ಬಾಗಿಲು ತೆರೆದವರು ಮೇಲಿನವರು. 1932ರ ನವೆಂಬರ್‌ನಲ್ಲಿ ನಾಜಿ ಮತ 33.1ಕ್ಕೆ ಇಳಿದಿತ್ತು. ಅಷ್ಟರಲ್ಲಾಗಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ದೇಶ ನಡೆದದ್ದು ಸಂಸತ್ತಿನ ಬಹುಮತದಿಂದಲ್ಲ, ಆಗ ಅಧ್ಯಕ್ಷರಾಗಿದ್ದ ಅದೇ ಹಿಂಡೆನ್‌ಬರ್ಗ್ ಅವರ ತುರ್ತು ಆಜ್ಞೆಗಳಿಂದ. ಹಿಟ್ಲರನನ್ನು ಹಿಡಿತದಲ್ಲಿಡಬಹುದೆಂದು ನಂಬಿದ ಮಾಜಿ ಚಾನ್ಸೆಲರ್ (ಸರ್ಕಾರದ ಮುಖ್ಯಸ್ಥ) ಪಾಪೆನ್ ಮುಂತಾದವರು ಅಧ್ಯಕ್ಷರನ್ನು ಒಪ್ಪಿಸಿ, 1933ರ ಜನವರಿ 30ರಂದು ಚಾನ್ಸೆಲರ್ ಮಾಡಿದರು. ಮೊದಲ ಮಂತ್ರಿಮಂಡಲದಲ್ಲಿ ಆತನೂ ಸೇರಿ ನಾಜಿಗಳು ಮೂವರೇ. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ನಾಗರಿಕ ಹಕ್ಕುಗಳು ರದ್ದಾದವು. ಮಾರ್ಚ್ 23ರಂದು, ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಟ್ಟು, ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ 444–94 ಮತಗಳಿಂದ ಆತನ ಸರ್ಕಾರಕ್ಕೆ ಒಪ್ಪಿಸಿತು.

ಪ್ರಶ್ನೆ ಕೇಳಿದವರು

ಅಜ್ಜನಿಗೆ ಓದಿ ಹೇಳಿದೆ, ಸರ್. ಬಹಳ ಹೊತ್ತು ಸುಮ್ಮನಿದ್ದು, ಆ 94 ಮಂದಿ ಯಾರು, ಮುಂದೇನಾದರು ಎಂದು ಕೇಳಿದರು.

ಉತ್ತರ: ಮಡಿಕೇರಿಯ ಅಧ್ಯಾಪಕ

ಎಲ್ಲರೂ ಸೋಷಿಯಲ್ ಡೆಮಾಕ್ರಟ್ ಪಕ್ಷದವರು. ಸಭಾಂಗಣದಲ್ಲಿ ನಾಜಿ ಪಡೆಯವರು ನಿಂತಿರುವಾಗಲೇ ನಾಯಕ ಓಟೊ ವೆಲ್ಸ್ ಎದ್ದು ವಿರೋಧಿಸಿ ಮಾತನಾಡಿದರು. ಜೂನ್‌ನಲ್ಲಿ ಪಕ್ಷವನ್ನು ನಿಷೇಧಿಸಲಾಯಿತು. ಹಲವರು ಸೆರೆ ಸೇರಿದರು. ದೇಶ ಬಿಟ್ಟ ವೆಲ್ಸ್ 1939ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.