ದೂರ ಒಂದೇ, ಹೋಗಲು 8 ಗಂಟೆ, ಬರಲು 7 ಗಂಟೆ ಯಾಕೆ?

ನಕ್ಷೆಪ್ರಿಯ:
ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ಎಷ್ಟು ದೂರ ಅಂತ ಒಂದು ಸೈಟ್‌ನಲ್ಲಿ ಹುಡುಕಿದೆ. ಸುಮಾರು 5,550 ಕಿ.ಮೀ. ಅಂತ ಬಂತು. ಗಂಟೆಗೆ 900 ಕಿ.ಮೀ. ವೇಗದಲ್ಲಿ 6 ಗಂಟೆ 10 ನಿಮಿಷ ಸಾಕಂತೆ. ಆದರೆ ಟಿಕೆಟ್‌ನಲ್ಲಿ ಹೋಗಲು ಹತ್ತಿರ ಹತ್ತಿರ 8 ಗಂಟೆ, ಬರಲು 7 ಗಂಟೆ ಇದೆ. ಎರಡೂ ಕಡೆಗೆ ದೂರ ಒಂದೇ ಅಲ್ವಾ? ಭೂಮಿ ತಿರುಗುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕಿಟಕಿಸೀಟು:
ಟಿಕೆಟ್‌ನಲ್ಲಿರುವುದು ಹಾರಾಟದ ಸಮಯ ಅಲ್ಲ. ಒಂದು ಗೇಟ್‌ನಿಂದ ಹೊರಟು ಇನ್ನೊಂದು ಗೇಟ್‌ನಲ್ಲಿ ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ತೆವಳುವುದು, ಅಲ್ಲಿ ಸಾಲಿನಲ್ಲಿ ಕಾಯುವುದು, ಇಳಿಯುವ ಮುಂಚೆ ಮೇಲೆ ಸುತ್ತು ಹಾಕುವುದು ಎಲ್ಲ ಅದರಲ್ಲೇ ಬಂತು. ತಡ ಆಯ್ತು ಅನ್ನಿಸಿಕೊಳ್ಳಬಾರದು ಅಂತ ಕಂಪನಿಗಳು ಒಂದಿಷ್ಟು ಜಾಸ್ತಿ ಸೇರಿಸುತ್ತವೆ, ಅದಕ್ಕೇ ತಡವಾಗಿ ಹೊರಟ ವಿಮಾನವೂ ಎಷ್ಟೋ ಸಲ ಸರಿಯಾದ ಹೊತ್ತಿಗೆ ತಲುಪಿಬಿಡುತ್ತದೆ. ಏರುವಾಗ, ಇಳಿಯುವಾಗ 900 ವೇಗವೂ ಇರುವುದಿಲ್ಲ.

ಗಾಳಿಮಾತು:
ಭೂಮಿ ತಿರುಗುವಾಗ ಸುತ್ತಲಿನ ಗಾಳಿಯೂ ಜೊತೆಗೇ ತಿರುಗುತ್ತದೆ. ಹಾಗಾಗಿ ಊರೇ ತಿರುಗಿ ವಿಮಾನದ ಹತ್ತಿರ ಬರುತ್ತದೆ ಅನ್ನುವುದು ಸುಮ್ನೆ ಮಾತು. ನಿಜವಾದ ಕಾರಣ ಜೆಟ್ ಸ್ಟ್ರೀಮ್. 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಇದು. (ಅದು ಪೂರ್ವಕ್ಕೇ ಬೀಸುವುದರಲ್ಲಿ ಮಾತ್ರ ಭೂಮಿ ತಿರುಗುವುದರ ಕೈವಾಡ ಇದೆ.)

900 ಅನ್ನುವುದು ಗಾಳಿಯೊಳಗಿನ ವೇಗ. ಪಶ್ಚಿಮಕ್ಕೆ, ಅಂದರೆ ನ್ಯೂಯಾರ್ಕ್ ಕಡೆಗೆ ಹೋಗುವಾಗ ಎದುರಿನಿಂದ ಗಂಟೆಗೆ 150 ಕಿ.ಮೀ. ಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ಉಳಿಯುವುದು 750, ಆಗ 5,550 ಕಿ.ಮೀ.ಗೆ 7 ಗಂಟೆ 24 ನಿಮಿಷ ಬೇಕು. ಅದೇ ಗಾಳಿ ಹಿಂದಿನಿಂದ ತಳ್ಳಿದರೆ 5 ಗಂಟೆ 17 ನಿಮಿಷ ಸಾಕು. ಚಳಿಗಾಲದಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ನೆಲದ ಲೆಕ್ಕದಲ್ಲಿ ಅದರ ವೇಗ 1,300 ಕಿ.ಮೀ. ದಾಟಿತ್ತು, ಆದರೂ ಶಬ್ದದ ವೇಗ ಮೀರಿರಲಿಲ್ಲ, ಯಾಕೆಂದರೆ ಸುತ್ತಲಿನ ಗಾಳಿಯೇ ಜೊತೆಗೆ ಓಡುತ್ತಿತ್ತು.

ನಕ್ಷೆಪ್ರಿಯ:
ಈಗ ಅರ್ಥ ಆಯ್ತು. ಇನ್ನೊಂದು ಕೇಳ್ತೀನಿ, ನಕ್ಷೆಯಲ್ಲಿ ದಾರಿ ಉತ್ತರಕ್ಕೆ ಬಿಲ್ಲಿನ ಹಾಗೆ ಬಾಗಿರುತ್ತದಲ್ಲ, ಅದು ಸುತ್ತು ದಾರಿ ಅಲ್ವಾ?

ಕಿಟಕಿಸೀಟು:
ಅಲ್ಲ, ಅದೇ ಹತ್ತಿರದ ದಾರಿ. ಒಂದು ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ.

ದೂರದಾರಿ:
ದಾರದ ದಾರಿಯಲ್ಲೇ ವಿಮಾನ ಹೋಗಬೇಕೆಂದೇನೂ ಇಲ್ಲ. ಎದುರುಗಾಳಿ ತಪ್ಪಿಸಲು ನೂರಾರು ಕಿ.ಮೀ. ಸುತ್ತಿದರೂ ಬೇಗ ತಲುಪುವ ದಿನಗಳಿವೆ. ಕೆಲವು ಸಲ ಮುಚ್ಚಿದ ವಾಯುಮಾರ್ಗವೂ ಅಡ್ಡ ಬರುತ್ತದೆ. 2022ರಲ್ಲಿ ಯುರೋಪಿನ ಕಂಪನಿಗಳಿಗೆ ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 9 ಗಂಟೆ ಇದ್ದದ್ದು 13 ಗಂಟೆ ಆಯ್ತು. ದೂರ ತೋರಿಸುವ ಸೈಟ್‌ಗೆ ಇದು ಗೊತ್ತೇ ಇರುವುದಿಲ್ಲ, ಅದು ಹಳೇ ಲೆಕ್ಕವನ್ನೇ ತೋರಿಸುತ್ತದೆ.

ಅಂದಾಜಿಗೆ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ನಿಮ್ಮ 5,550ಕ್ಕೆ ಸುಮಾರು ಏಳೂವರೆ ಗಂಟೆ ಬರುತ್ತದೆ, ಹೋಗುವುದರ ಬರುವುದರ ನಡುವಿನ ಲೆಕ್ಕ. ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಮಾತ್ರ ಈ ಅಂದಾಜು ನಂಬಬೇಡಿ. ಅದೇ ವಿಮಾನ ಹೋದ ವಾರ ನಿಜವಾಗಿ ಎಷ್ಟು ಹೊತ್ತಿಗೆ ತಲುಪಿತು ಅಂತ ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ನೋಡಿಕೊಳ್ಳಿ.