ಎಣ್ಣೆ ಕಡಿಮೆ ಮಾಡಿದರೆ ಮೊಟ್ಟೆ ಬುರ್ಜಿ ರಬ್ಬರ್ ಆಗುತ್ತದೆ, ಏನು ಮಾಡಲಿ?

ಹಾಸನದ ಸೊಸೆ:
ಮನೆಯವರಿಗೆ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂದಿದೆ, ಡಾಕ್ಟರ್ ಎಣ್ಣೆ, ಬೆಣ್ಣೆ ಕಡಿಮೆ ಮಾಡಿ ಅಂದಿದ್ದಾರೆ. ನಮ್ಮಲ್ಲಿ ವಾರಕ್ಕೆ ಮೂರು ದಿನ ತಿಂಡಿಗೆ ಬುರ್ಜಿ, ಚಪಾತಿ. ಮೊದಲು 4 ಮೊಟ್ಟೆಗೆ 3 ಟೇಬಲ್ ಚಮಚ ಎಣ್ಣೆ, ಮೇಲೆ ಬೆಣ್ಣೆ ಬೇರೆ. ಈಗ ಒಂದೇ ಟೀ ಚಮಚ. ಈರುಳ್ಳಿ ಸೀಯುತ್ತದೆ, ಮೊಟ್ಟೆ ಬಾಣಲೆಗೆ ಕಚ್ಚಿಕೊಳ್ಳುತ್ತದೆ, ಕೆರೆದು ತೆಗೆದರೆ ಒಣ ಪುಡಿ, ಅದರ ಪಕ್ಕದಲ್ಲೇ ತಟ್ಟೆಯಲ್ಲಿ ನೀರು. ಹಳದಿ ತೆಗೆದು ಬರೀ ಬಿಳಿ ಭಾಗ ಹಾಕಿ ನೋಡಿದೆ. ಮಗ ಎರಡು ತುತ್ತು ತಿಂದು ಎದ್ದುಹೋದ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಒಗ್ಗರಣೆ ಡಬ್ಬಿ:
ನಿಮ್ಮ ತೊಂದರೆ ಎಣ್ಣೆಯದಲ್ಲ, ಉರಿಯದು. ಮೊಟ್ಟೆಯ ಬಿಳಿ ಭಾಗ 60 ಡಿಗ್ರಿ ದಾಟುತ್ತಿದ್ದ ಹಾಗೆ ಗಟ್ಟಿಯಾಗಲು ಶುರುವಾಗುತ್ತದೆ. ದೊಡ್ಡ ಉರಿಯಲ್ಲಿ ಅದು ಬಿಗಿದುಕೊಂಡು ಒಳಗಿನ ನೀರನ್ನೆಲ್ಲ ಹಿಂಡಿ ಹೊರಗೆ ಹಾಕುತ್ತದೆ, ತಟ್ಟೆಯಲ್ಲಿ ನೀವು ನೋಡಿದ್ದು ಅದೇ ನೀರು.

ಹೀಗೆ ಮಾಡಿ. ದೋಸೆ ಕಾವಲಿಗೆ ಸವರುತ್ತೇವಲ್ಲ, ಹಾಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾದ ಬಾಣಲೆಗೆಲ್ಲ ಉಜ್ಜಿ. ಉಳಿದ ಎಣ್ಣೆಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಚಿಟಿಕೆ ಉಪ್ಪು ಹಾಕಿ, ಸೀಯುತ್ತದೆ ಅನ್ನಿಸಿದಾಗ ಎಣ್ಣೆ ಬದಲು ಒಂದು ಚಮಚ ನೀರು ಚಿಮುಕಿಸಿ ಮುಚ್ಚಿಡಿ. ಟೊಮೆಟೊ ಹಾಕಿದರೆ ಅದರ ನೀರು ಪೂರ್ತಿ ಆರಬೇಕು, ಇಲ್ಲಿ ಮಾತ್ರ ಅವಸರ ಬೇಡ. ಆಮೇಲೆ ಉರಿ ಪೂರಾ ಸಣ್ಣ ಮಾಡಿ, 2 ಚಮಚ ಹಾಲು ಸೇರಿಸಿ ಕಲಕಿದ ಮೊಟ್ಟೆ ಸುರಿದು, ಅಂಚಿನಿಂದ ನಡುವಿಗೆ ನಿಧಾನವಾಗಿ ಎಳೆಯುತ್ತಾ ಬನ್ನಿ. ಹರಿಯುವುದು ನಿಂತು ಇನ್ನೂ ಹೊಳೆಯುತ್ತಿರುವಾಗಲೇ ಒಲೆ ಆರಿಸಿ. ಬಾಣಲೆಯ ಬಿಸಿಗೇ ಉಳಿದದ್ದು ಬೇಯುತ್ತದೆ.

ಮಂಡ್ಯ ಮನೆಯೂಟ:
ಹಳದಿಯನ್ನು ಸುಮ್ನೆ ಚೆಲ್ಲಬೇಡಿ. ಲೆಕ್ಕ ನೋಡಿ: ಒಂದು ಮೊಟ್ಟೆಗೆ ಸುಮಾರು 70 ಕ್ಯಾಲೊರಿ, 6 ಗ್ರಾಂ ಪ್ರೊಟೀನ್. ಒಂದು ಟೇಬಲ್ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ಅಂದರೆ ನಿಮ್ಮ ಹಳೇ ಬುರ್ಜಿಯಲ್ಲಿ 4 ಮೊಟ್ಟೆಯಿಂದ ಬಂದದ್ದು 280, ಎಣ್ಣೆಯೊಂದರಿಂದಲೇ 360! ಬಿ12, ಡಿ ವಿಟಮಿನ್ ಇರುವುದು ಹೆಚ್ಚಾಗಿ ಹಳದಿಯಲ್ಲೇ, ಬೆಳೆಯುವ ಮಗನಿಗೆ ಇಡೀ ಮೊಟ್ಟೆಯೇ ಕೊಡಿ. ಹೌದು, ಕೊಲೆಸ್ಟ್ರಾಲ್ ಇರುವುದೂ ಹಳದಿಯಲ್ಲೇ. ಅದಕ್ಕೆ ಮನೆಯವರಿಗೆ 1 ಇಡೀ ಮೊಟ್ಟೆ, 2 ಬಿಳಿ ಭಾಗ ಸೇರಿಸಿ ಮಾಡಿ, ವಾರಕ್ಕೆ ಎಷ್ಟು ಹಳದಿ ಆಗಬಹುದು ಅಂತ ಅವರ ಡಾಕ್ಟರನ್ನೇ ಕೇಳಿಬಿಡಿ.

ಸೊಪ್ಪಿನ ಸಂತೆ:
ಸಬ್ಬಸಿಗೆ ಸೊಪ್ಪು ಹಾಕಿ ನೋಡಿದ್ದೀರಾ? ಒಂದು ಹಿಡಿ ಸಣ್ಣಗೆ ಹೆಚ್ಚಿ, ಈರುಳ್ಳಿ ಮೆತ್ತಗಾದ ಮೇಲೆ ಹಾಕಿ ಬಾಡಿಸಿ. ಅದರ ಘಮಕ್ಕೆ ಗರಂ ಮಸಾಲೆಯೂ ಬೇಡ, ಬೆಣ್ಣೆಯೂ ಬೇಡ. ನುಗ್ಗೆ ಸೊಪ್ಪೂ ಆಗುತ್ತದೆ, ಆದರೆ ಅದನ್ನು ಮೊದಲೇ ನೀರು ಚಿಮುಕಿಸಿ ಬೇಯಿಸಿಕೊಳ್ಳಿ, ಇಲ್ಲದಿದ್ದರೆ ಹಲ್ಲಿಗೆ ನಾರು ಸಿಗುತ್ತದೆ. ಚಪಾತಿಗೂ ಎಣ್ಣೆ ಹಚ್ಚುತ್ತೀರಿ ಅಲ್ವಾ? ಸುಟ್ಟ ಫುಲ್ಕಾ ಮಾಡಿ.

ಹಾಸನದ ಸೊಸೆ:
ಇವತ್ತು ಬೆಳಗ್ಗೆ ಸಣ್ಣ ಉರಿಯಲ್ಲಿ ಮಾಡಿದೆ, ಒಂದೇ ಟೀ ಚಮಚ ಎಣ್ಣೆ. ಅಂಟಲಿಲ್ಲ! ಮೊಸರಿನ ಕೆನೆ ಹಾಗೆ ಮಡಿಕೆ ಮಡಿಕೆಯಾಗಿ ಬಂತು. ಮಗ ಇನ್ನೊಂದು ಸಲ ಹಾಕಿಸಿಕೊಂಡ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಬ್ಬಸಿಗೆ ಒಂದು ಕಟ್ಟು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ನಾಡಿದ್ದಿಗೆ.