ಪದ ಬೇಕು: ‘ಅನಾಕ್ರಮಣಕಾರಿ’ಗೆ ಬದಲಿ ಏನು?

ಕಲಬುರಗಿಯಿಂದ:
ಕಿಡ್ನಿಯ ಎಂಆರ್‌ಐ ಸ್ಕ್ಯಾನಿನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ‘ನಾನ್-ಇನ್‌ವೇಸಿವ್’ಗೆ ಹಳೇ ಕರಡಿನಲ್ಲಿ ‘ಅನಾಕ್ರಮಣಕಾರಿ ಪರೀಕ್ಷೆ’ ಎಂದಿದೆ. ಪೊಲೀಸ್ ನೋಟಿಸ್ ಓದಿದ ಹಾಗಾಗುತ್ತದೆ. ‘ಪರ್ಫ್ಯೂಶನ್’ಗೆ ‘ರಕ್ತದ ಹರಿವು’ ಸಾಕಾ? ಈ ಸ್ಕ್ಯಾನಿನಲ್ಲಿ ಸೂಜಿಯಿಲ್ಲ, ಚಿತ್ರ ಎದ್ದು ಕಾಣಲೆಂದು ರಕ್ತಕ್ಕೆ ಸೇರಿಸುವ ಗ್ಯಾಡೊಲಿನಿಯಂ ಔಷಧಿಯೂ ಇಲ್ಲ. ಕಿಡ್ನಿ ಸೋತವರಿಗೆ ಅದನ್ನು ಕೊಡಲು ಡಾಕ್ಟರುಗಳು ಹಿಂದೆಮುಂದೆ ನೋಡುತ್ತಾರೆ. ಕಿಡ್ನಿಗೆ ಹೋಗುವ ರಕ್ತದೊಳಗಿನ ನೀರಿಗೇ ಆಯಸ್ಕಾಂತದ ಬಲದಿಂದ ಗುರುತು ಹಾಕಿ ಒಂದು ಚಿತ್ರ, ಹಾಕದೆ ಒಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಲೆಕ್ಕ ಸಿಗುತ್ತದೆ.

ಬೀದರಿನಿಂದ:
‘ರಕ್ತ’ ಯಾಕೆ? ‘ನೆತ್ತರು’ ಸತ್ತುಹೋಯಿತಾ? ತೆಲುಗಿನವರು ಇನ್ನೂ ‘ನೆತ್ತುರು’ ಅನ್ನುತ್ತಾರೆ. ‘ಮೂತ್ರಪಿಂಡ’ವನ್ನಂತೂ ಸೇರಿಸಬೇಡಿ. ಪಿಂಡ ಅಂದರೆ ಕಾಗೆ ನೆನಪಾಗುತ್ತದೆ.

ಕಲಬುರಗಿಯಿಂದ, ಇನ್ನೊಬ್ಬರು:
ನಮ್ಮ ಮನೆಯಲ್ಲಿ ‘ರಗತ’ ಅಂತಾರೆ. ‘ರಕ್ತ’ವೇ ಸವೆದು ಹಾಗಾದದ್ದು. ಅದನ್ನೂ ಹೊರಗೆ ಹಾಕುತ್ತೀರಾ? ಮಟನ್ ಅಂಗಡಿಯಲ್ಲಿ ಕಿಡ್ನಿಗೆ ‘ಗುರ್ದಾ’ ಅನ್ನುತ್ತೇವೆ. ಪಾರ್ಸಿ ಪದ. ಅಚ್ಚಗನ್ನಡದಲ್ಲಿ ಕೇಳಿ ನೋಡಿ, ಏನು ಕೊಡುತ್ತಾರೋ.

ಯಾದಗಿರಿಯಿಂದ:
ಕೇಳಿದ್ದೊಂದು ಬಿಟ್ಟು ಎಲ್ಲಾ ಆಯ್ತು. ‘ಚುಚ್ಚದೆ, ಕೊಯ್ಯದೆ ಮಾಡುವ ಪರೀಕ್ಷೆ’ ಎನ್ನಿ. ಬೋರ್ಡಿಗಾದರೆ ‘ಚುಚ್ಚದ ಪರೀಕ್ಷೆ’. ನಮ್ಮಲ್ಲಿ ‘-ಅದ’ ಇರುವಾಗ ‘ಅನ್-’ ಅಂಟಿಸುವ ಚಟ ಯಾಕೆ?

‘ಹರಿವು’ ಸಾಲದು. ರಕ್ತನಾಳದಲ್ಲಿ ಎಷ್ಟು ಜೋರಾಗಿ ಓಡುತ್ತಿದೆ ಎಂದು ನೋಡುವುದು ಡಾಪ್ಲರ್. ಅದು ಹರಿವು. ನಿಮ್ಮ ಸ್ಕ್ಯಾನ್ ಹೇಳುವುದು 100 ಗ್ರಾಂ ಕಿಡ್ನಿಗೆ ನಿಮಿಷಕ್ಕೆ ಎಷ್ಟು ಮಿಲಿ ರಕ್ತ ದಕ್ಕಿತು ಅಂತ. ನಾರಾಯಣಪುರ ಎಡದಂಡೆ ಕಾಲುವೆ ತುಂಬಿ ಹರಿದರೂ ಕಡೆಯ ಹೊಲ ಒಣಗಿರಬಹುದು, ಅಲ್ವಾ? ಹೊಲಕ್ಕೆ ನೀರುಣಿಸುತ್ತೇವೆ. ಹಾಗೇ ‘ರಕ್ತ ಉಣಿಕೆ’.

ಬೀದರಿನಿಂದ:
‘ಉಣಿಕೆ’ ಚೆಂದ. ಅದಕ್ಕೆ ಮತ್ತೆ ಸಂಸ್ಕೃತದ ಬಾಲ ಯಾಕೆ? ‘ನೆತ್ತರುಣಿಕೆ’!

ಯಾದಗಿರಿಯಿಂದ:
ಬಾಲವಲ್ಲ, ತಲೆ. ಮುಂದಿದೆ ನೋಡಿ.

ಕಲಬುರಗಿಯಿಂದ, ಕೇಳಿದವಳು:
‘ನೆತ್ತರುಣಿಕೆ’ ಅಂದರೆ ಯಾರೂ ಸಹಿ ಹಾಕುವುದಿಲ್ಲ ಸರ್, ದೆವ್ವದ ಊಟ ಅಂದುಕೊಳ್ಳುತ್ತಾರೆ. ‘ಚುಚ್ಚದೆ, ಕೊಯ್ಯದೆ’ ತೆಗೆದುಕೊಂಡೆ. ಇನ್ನೊಂದನ್ನು ‘ಕಿಡ್ನಿಗೆ ಎಷ್ಟು ರಕ್ತ ಸಿಗುತ್ತಿದೆ’ ಎಂದು ಬಿಡಿಸಿ ಬರೆಯುತ್ತೇನೆ. ಕರಡನ್ನು ನಮ್ಮತ್ತೆಗೆ ಓದಿ ಹೇಳಿದೆ. ‘ಗುರುತು ಎಲ್ಲಿ ಹಾಕ್ತಾರ, ತೊಳೆದ್ರ ಹೋಗ್ತದೇನು?’ ಎಂದು ಕೇಳಿದರು. ಕೆಲವೇ ಸೆಕೆಂಡಿನಲ್ಲಿ ತಾನೇ ಅಳಿದುಹೋಗುತ್ತದೆ ಎಂಬ ಸಾಲನ್ನೂ ಸೇರಿಸುತ್ತಿದ್ದೇನೆ.